ಟ್ಯಾಕೆಟ್ ಮನೆಯ ಮೊದಲ ಗುಂಡು

ಗುಂಡು ಹೊಡೆದವನೇ ಬಾಗಿಲಿಗೆ ಬಂದು, "ನಾನು ಮಾಡಿದ್ದು ಸರಿಯೋ ತಪ್ಪೋ ಪತ್ತೆ ಮಾಡಿಕೊಡಿ" ಎಂದು ಅಂಗಲಾಚಿದ್ದನ್ನು ಲೂಥರ್ ಬ್ರಾಶಿಯರ್ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಆಗ ಅವನು ಹೆಸ್ಟರ್ ಕ್ರಿಟೆಂಡನ್ನಳ ವರಾಂಡದಲ್ಲಿ ಕೂತು ಎರಡನೇ ತುಂಡು ಸೇಬಿನ ಪೈ ತಿನ್ನುತ್ತಿದ್ದ. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಲೂಥರನಿಗೆ ಈಗ ಇದ್ದ ಕೆಲಸವೆಂದರೆ ಹೆಸ್ಟರಳನ್ನು ಕಾರಿನಲ್ಲಿ ತಿರುಗಿಸುವುದು, ಅವಳು ಮಾಡಿದ ಪೈ ಮುಗಿಸುವುದು. ಹೆಸ್ಟರಳೂ ನಿವೃತ್ತಳೇ. ಆದರೆ ಕೆಂಟಕಿಯ ಆ ಬೆಟ್ಟಸೀಮೆಯ ಜನ ಕಷ್ಟ ಬಂದರೆ ಇಂದಿಗೂ ಪೊಲೀಸ್ ಮುಖ್ಯಸ್ಥನಾದ ಶೆರಿಫ್‌ಗಿಂತ ಮೊದಲು ಆ ಹಳೇ ಪತ್ತೇದಾರಳ ಮನೆಗೇ ಬರುತ್ತಿದ್ದರು.

ಬಂದವನು ಶೆರಿಫನ ಕೈಕೆಳಗಿನ ಡೆಪ್ಯುಟಿ ಕೋಲ್ಬಿ ಪ್ರೂಯಿಟ್. ಲೂಯಿವಿಲ್ ಪಟ್ಟಣದಿಂದ ಆ ವರ್ಷವಷ್ಟೇ ಕೆಲಸಕ್ಕೆ ಬಂದಿದ್ದ ಹುಡುಗ. ಹಿಂದಿನ ವಾರ ಓರ್ವಿಲ್ ಟ್ಯಾಕೆಟ್ ಎಂಬ ಮುದುಕನಿಗೆ, ಅವನದೇ ಮನೆಯ ಅಂಗಳದಲ್ಲಿ, ಭುಜಕ್ಕೆ ಗುಂಡು ಹೊಡೆದಿದ್ದ.

"ಯಾರೋ ದಾರಿಹೋಕರು ಫೋನ್ ಮಾಡಿದ್ರಮ್ಮಾ, ಟ್ಯಾಕೆಟ್ ಮನೆ ಹತ್ತಿರ ಟಾರ್ಚ್ ಹಿಡ್ಕೊಂಡು ಯಾರೋ ಓಡಾಡ್ತಿದ್ದಾರೆ ಅಂತ. ಮುಸ್ಸಂಜೆ. ಕಾರು ದೂರ ನಿಲ್ಲಿಸಿ ಸದ್ದಿಲ್ಲದೆ ಮನೆ ಸುತ್ತಿ ಹೋದೆ. ಅಡುಗೆಮನೆ ಕಡೆಯಿಂದ ಒಬ್ಬ ಕೋವಿ ಹಿಡಿದು ಹೊರಗೆ ಬಂದ. ಢಂ ಅಂತು. ನಾನೂ ಹೊಡೆದೆ."

"ಅವನ ಕೋವಿ ಬಾಯಲ್ಲಿ ಬೆಂಕಿ ಕಂಡ್ಯಾ?"

ಹುಡುಗ ತಡವರಿಸಿದ. "ಇಲ್ಲ. ಸದ್ದು ಮಾತ್ರ. ಆದ್ರೆ ಕೋವಿ ಬಿಚ್ಚಿ ನೋಡಿದಾಗ ಒಳಗೆ ಹಾರಿಸಿದ ತೋಟಾನೇ ಇತ್ತು. ಆ ಮನುಷ್ಯ ಮಾತ್ರ ಕೋವಿ ಖಾಲಿ, ನಾನು ಹಾರಿಸೇ ಇಲ್ಲ ಅಂತಾನೆ. ನನ್ನ ಮಾತು ನಿಜ ಆದ್ರೆ ಆ ವಯಸ್ಸಿನಲ್ಲಿ ಜೈಲಿಗೆ ಹೋಗ್ತಾನೆ. ಅವನ ಮಾತು ನಿಜ ಆದ್ರೆ..."

"ತಿನ್ನೋದು ಸಾಕು, ಎದ್ದೇಳು ಲೂಥರ್," ಎಂದಳು ಹೆಸ್ಟರ್. ಲೂಥರ್ ಒಲ್ಲದ ಮನಸ್ಸಿನಿಂದ ತಟ್ಟೆ ಬಿಟ್ಟ.

ಮೊದಲು ಹೋದದ್ದು ಶೆರಿಫ್ ಡೆಲ್ಬರ್ಟ್ ಹಾಲ್ಕಂಬನ ಕಚೇರಿಗೆ. ಅವನು ಮೂಗು ಮುರಿದರೂ ಕೋವಿ, ತೋಟಾ ಎರಡನ್ನೂ ಮೇಜಿನ ಮೇಲಿಟ್ಟ. ಒಂಟಿ ನಳಿಗೆಯ ಹಳೆಯ ಕೋವಿ. ತೋಟಾದ ಮೈ ಪ್ಲಾಸ್ಟಿಕ್ಕಿನದಲ್ಲ, ಕೆಂಪು ಕಾಗದದ್ದು. ಅದರ ಹಿತ್ತಾಳೆ ತಳಕ್ಕೆ ಹಸಿರು ಕಿಲುಬು ಹಿಡಿದಿತ್ತು. ನಡುವೆ, ಕೋವಿಯ ಕುದುರೆ ಬಡಿಯುವ ಕಡೆ, ಒಂದರ ಮೇಲೊಂದು ಗುಳಿಗಳು. ಹೆಸ್ಟರ್ ಅದನ್ನು ಮೂಸಿ, ಲೂಥರನ ಮೂಗಿಗೂ ಹಿಡಿದಳು.

"ಏನ್ ವಾಸನೆ?"

"ಹಳೇ ಟ್ರಂಕಿನ ವಾಸನೆ," ಎಂದ ಲೂಥರ್. ಅದರಲ್ಲೇನು ಹೆಚ್ಚುಗಾರಿಕೆ ಎಂಬುದು ಅವನಿಗೆ ತಿಳಿಯಲಿಲ್ಲ.

ಅಲ್ಲಿಂದ ಟ್ಯಾಕೆಟ್ ಮನೆಗೆ. ಗೇಟಿನ ಬಳಿ ಲೂಥರ್ ಎಂದಿನಂತೆ ಕಾರು ನಿಲ್ಲಿಸಿ, ಹಾರನ್ ಒತ್ತಿ, "ನಾನು ಲೂಥರ್! ಹೆಸ್ಟರ್ ಜೊತೇಲಿದ್ದಾಳೆ!" ಎಂದು ಕೂಗಿದ. ಖಾಲಿ ಮನೆಗೆ ಯಾಕೆ ಕೂಗಿದೆನೋ ಎಂದು ಅವನಿಗೇ ನಗು ಬಂತು. ಆ ಸೀಮೆಯ ವಾಡಿಕೆಯದು, ಹಾಗೆ ಕೂಗದೆ ಯಾರ ಅಂಗಳಕ್ಕೂ ಕಾಲಿಟ್ಟ ನೆನಪೇ ಅವನಿಗಿರಲಿಲ್ಲ.

ಅಡುಗೆಮನೆಯ ಸ್ಪ್ರಿಂಗ್ ಹಾಕಿದ ಜಾಲರಿ ಬಾಗಿಲನ್ನು ಎಳೆದು ಬಿಟ್ಟಾಗ ಅದು ಬೆಕ್ಕು ನಡೆದಷ್ಟು ಮೆಲ್ಲಗೆ ಮುಚ್ಚಿಕೊಂಡಿತು. ಹೆಸ್ಟರ್ ಅಲ್ಲೇ ನಿಂತಳು. ಚೌಕಟ್ಟಿನ ಅಂಚಿನಲ್ಲಿ ಬಣ್ಣವೆಲ್ಲ ಉದುರಿ ಮರ ಜಜ್ಜಿಹೋಗಿತ್ತು. ಅದರ ಮೇಲೆ ಹಸಿರು ಉಣ್ಣೆಬಟ್ಟೆಯ ಹೊಸ ಪಟ್ಟಿ ಅಂಟಿತ್ತು.

ಹಳ್ಳದಾಚೆಯ ನೆರೆಯವಳು ನೀವಾ ಸ್ಟಾಂಪರ್ ಅವರನ್ನು ಕಂಡು ಊಟಕ್ಕೆ ಕರೆದಳು. ಬೇಯಿಸಿದ ಬೀನ್ಸು, ಜೋಳದ ರೊಟ್ಟಿ. ಓರ್ವಿಲ್‌ನಂತೆ ಅವಳೂ ಒಂಟಿ. ಅವನ ಹೆಸರೆತ್ತಿದರೆ ಕಣ್ಣು ತುಂಬಿಕೊಳ್ಳುತ್ತಿತ್ತು.

"ಎಲ್ಲಾ ನನ್ನಿಂದಾನೇ ಆಯ್ತು ಕಣೇ ಹೆಸ್ಟರ್. ನಾನವತ್ತು ಚರ್ಚಿನ ಊಟಕ್ಕೆ ಹೋಗಿದ್ದೆ. ಕೋಳಿಗೂಡು ಮುಚ್ಚಪ್ಪಾ ಅಂತ ಅವನಿಗೆ ಹೇಳಿದ್ದೆ. ಆ ಟಾರ್ಚ್ ಅವಂದೇ! ಅವನು ವಾಪಸ್ ಬರೋಷ್ಟರಲ್ಲಿ ಮನೆಯಾದ್ರೂ ನೆಟ್ಟಗಿರ್ಲಿ ಅಂತ ಗುಡಿಸಿ, ಒರೆಸಿ, ಏನೇನೋ ರಿಪೇರಿ ಮಾಡಿಟ್ಟಿದ್ದೀನಿ."

ಲೂಥರ್ ಕುರ್ಚಿಯನ್ನು ಹಿಂದೆ ತಳ್ಳಿದ. ಅದು ಕಿರ್ರೆನ್ನಲಿಲ್ಲ, ಕಾಲುಗಳ ಕೆಳಗೆ ಹಸಿರು ಉಣ್ಣೆಬಟ್ಟೆಯ ತುಂಡುಗಳಿದ್ದವು.

ಶನಿವಾರ ಮಧ್ಯಾಹ್ನ ಆಸ್ಪತ್ರೆಯಿಂದ ಬಿಟ್ಟ ಓರ್ವಿಲ್‌ನನ್ನು ಶೆರಿಫ್ ನೇರ ಮನೆಗೇ ಕರೆತಂದ. ಹೆಸ್ಟರಳ ಕೋರಿಕೆ ಅದು. ಅವಳ ಲೆಕ್ಕ ತಪ್ಪಿದರೆ ಅಲ್ಲಿಂದ ಸೀದಾ ಜೈಲಿಗೆ. ನೀವಾಳೂ ಹಳ್ಳ ದಾಟಿ ಬಂದಿದ್ದಳು. ಗಾಯದ ತೋಳನ್ನು ಕುತ್ತಿಗೆಗೆ ಕಟ್ಟಿಕೊಂಡ ಮುದುಕ ಅಂಗಳದಲ್ಲಿ ಕೋಲ್ಬಿಯನ್ನು ಕಂಡವನೇ ಕೆಂಡವಾದ.

"ಇವನ್ಯಾಕೆ ಬಂದ ಇಲ್ಲಿ? ನರಿ ಥರ ನುಗ್ಗಿ ನನಗೇ ಹೊಡೆದೋನು!"

"ಸ್ವಲ್ಪ ಬಾಯ್ಮುಚ್ಕೊಂಡು ಕೂತ್ಕೋ ಓರ್ವಿಲ್, ನಿನ್ನ ಒಳ್ಳೇದಕ್ಕೇ," ಎಂದಳು ಹೆಸ್ಟರ್. "ಕೋಲ್ಬಿ, ಅವತ್ತು ಎಲ್ಲಿ ನಿಂತಿದ್ಯೋ ಅಲ್ಲೇ ನಿಲ್ಲು. ರಸ್ತೆ ಕಡೆ ಮುಖ ಮಾಡು." ಕೆಲಸದಿಂದ ಅಮಾನತಾಗಿದ್ದ ಹುಡುಗನ ಸೊಂಟದಲ್ಲಿ ಪಿಸ್ತೂಲಿರಲಿಲ್ಲ. ಆಮೇಲೆ ಹೆಸ್ಟರ್ ಚೌಕಟ್ಟಿನ ಹಸಿರು ಪಟ್ಟಿಯನ್ನು ಸರ್ರನೆ ಕಿತ್ತು, ಲೂಥರನಿಗೆ ಕಣ್ಸನ್ನೆ ಮಾಡಿದಳು.

ಲೂಥರ್ ಹೊರಗೆ ಬಂದು ಜಾಲರಿ ಬಾಗಿಲನ್ನು ಕೈಬಿಟ್ಟ. ಢಂ!

ಕೋಲ್ಬಿ ಗಿರ್ರನೆ ತಿರುಗಿದ. ಬಲಗೈ ಖಾಲಿ ಸೊಂಟವನ್ನು ತಡಕಾಡುತ್ತಿತ್ತು. ಮುಖದಲ್ಲಿ ರಕ್ತವೇ ಇರಲಿಲ್ಲ. "ಅದೇ," ಎಂದ. "ಅಯ್ಯೋ ದೇವರೇ, ಅದೇ ಸದ್ದು."

"ಮೊದಲ ಗುಂಡು ಹಾರಿಸಿದ್ದು ಈ ಬಾಗಿಲು," ಎಂದಳು ಹೆಸ್ಟರ್. "ಬೆಂಕಿ ಕಾಣಲಿಲ್ಲ ಅಂದಾಗಲೇ ನನಗೆ ಅನುಮಾನ ಬಂತು. ಆ ಮಬ್ಬಿನಲ್ಲಿ ಕಾಣಲೇಬೇಕಿತ್ತು. ಇಲ್ಲಿ ಬಂದು ನೋಡಿದ್ರೆ ಚೌಕಟ್ಟು ಜಜ್ಜಿಹೋಗಿದೆ, ಬಾಗಿಲು ಮಾತ್ರ ಬೆಕ್ಕಿನ ಥರ ಮೆಲ್ಲಗೆ ಮುಚ್ಕೊಳ್ಳುತ್ತೆ. ಪಟ್ಟಿ ಹೊಸದು. ಅಂಥದ್ದೇ ಬಟ್ಟೆ ನೀವಾಳ ಕುರ್ಚಿ ಕಾಲಲ್ಲೂ ಇತ್ತು."

ನೀವಾ ಬಾಯಿ ಮೇಲೆ ಕೈಯಿಟ್ಟಳು. "ಆ ಬಡಿತಕ್ಕೆ ನನ್ನ ಕೋಳಿಗಳು ಹಾರಿ ಬೀಳ್ತಿದ್ವು. ಗಾಯ ಆದವನು ನೆಮ್ಮದಿಯಾಗಿ ಮಲಗ್ಲಿ ಅಂತ ಅಂಟಿಸ್ದೆ. ಸಾಕ್ಷಿನೇ ಮುಚ್ಚಿಬಿಟ್ನಲ್ಲೇ!"

"ನಿನ್ನ ತಪ್ಪಿಲ್ಲ ಬಿಡು. ಇಷ್ಟು ವರ್ಷ ಕೇಳಿ ಓರ್ವಿಲ್‌ಗೆ ಆ ಸದ್ದು ಕಿವಿಗೇ ಬೀಳಲ್ಲ. ಶೆರಿಫ್ ಬಂದಾಗ ಇವನನ್ನ ಒಳಗಿಂದ ಸಾಗ್ಸೋ ಸ್ಟ್ರೆಚರ್‌ಗೋಸ್ಕರ ಬಾಗಿಲು ಮುಚ್ಚದ ಹಾಗೆ ಕುರ್ಚಿ ಅಡ್ಡ ಇಟ್ಟಿದ್ರು, ಅವನ ಕಿವಿಗೂ ಬೀಳ್ಲಿಲ್ಲ."

"ಹಾರಿಸಿದ ತೋಟಾ?" ಶೆರಿಫ್ ಪಟ್ಟು ಬಿಡಲಿಲ್ಲ. "ಖಾಲಿ ಕೋವಿ ಅಂದ. ಒಳಗೆ ತೋಟಾ ಸಿಕ್ತು. ಸುಳ್ಳಲ್ವಾ?"

"ಕಾಗದದ ತೋಟಾ ಕಣಯ್ಯಾ ಡೆಲ್ಬರ್ಟ್. ಅಂಥದ್ದನ್ನು ಅಂಗಡೀಲಿ ಯಾವಾಗ ಕೊಂಡಿದ್ದೆ ನೀನು? ಕಿಲುಬು ಹಿಡಿದಿದೆ, ಮದ್ದಿನ ವಾಸನೆ ಇಲ್ಲ. ಒಂದು ಸಲ ಹಾರಿಸಿದ್ರೆ ಒಂದೇ ಗುಳಿ ಬೀಳುತ್ತೆ. ಇದರಲ್ಲಿ ಲೆಕ್ಕವಿಲ್ಲದಷ್ಟಿವೆ. ಯಾಕೆ ಅಂತ ನೀನೇ ಹೇಳು ಓರ್ವಿಲ್."

ಮುದುಕ ಗಂಟಲು ಸರಿಮಾಡಿಕೊಂಡ. "ಮೊಮ್ಮಕ್ಕಳು ಬರೋಕೆ ಶುರುವಾದಾಗ ನನ್ನ ಹೆಂಡತಿ ಓಪಲ್ ಆಣೆ ಹಾಕಿಸಿದ್ಲು, ಮನೇಲಿ ಹಾರೋ ತೋಟಾ ಒಂದೂ ಇರಬಾರ್ದು ಅಂತ. ಅವಳು ಹೋದ್ಮೇಲೂ ಇಟ್ಟಿಲ್ಲ. ಕೋವಿ ಒರೆಸಿ ಎತ್ತಿಡೋವಾಗ ಖಾಲಿ ನಳಿಗೆ ಮೇಲೆ ಕುದುರೆ ಬಿಟ್ರೆ ಒಳಗಿನ ಮೊಳೆ ಮುರಿಯುತ್ತೆ, ಅದಕ್ಕೇ ಯಾವತ್ತೋ ಹಾರಿಸಿದ ಹಳೇ ತೋಟಾ ಹಾಕಿಟ್ಟು ಅದರ ಮೇಲೆ ಬಿಡ್ತೀನಿ. ಅವತ್ತು ಯಾರೋ ಕೂಗದೆ ಅಂಗಳಕ್ಕೆ ಬಂದ್ರು. ಹೆದರ್ಸೋಣ ಅಂತ ಅದನ್ನೇ ಎತ್ಕೊಂಡು ಬಂದೆ."

ಶೆರಿಫ್ ಟೋಪಿ ತೆಗೆದ. "ನಮ್ಮಪ್ಪಾನೂ ಹಾಗೇ ಮಾಡ್ತಿದ್ದ," ಎಂದ ಸಣ್ಣ ದನಿಯಲ್ಲಿ. "ಮರೆತೇಬಿಟ್ಟಿದ್ದೆ. ಕೇಸು ಇಲ್ಲಿಗೆ ಮುಗೀತು ಓರ್ವಿಲ್, ನೀನಿನ್ನು ನಿನ್ನ ಮನೇಲೇ ಇರು." ಲೂಥರನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಕೋಲ್ಬಿ ಮೆಟ್ಟಿಲ ಮೇಲೆ ಕುಸಿದು ಕೂತಿದ್ದ. "ಕೋವಿ ಕಂಡಿತು, ಸದ್ದು ಕೇಳಿತು. ಯೋಚನೆ ಮಾಡೋಕೆ ಹೊತ್ತೇ ಇರಲಿಲ್ಲ."

"ಇರಲಿಲ್ಲ, ಒಪ್ತೀನಿ," ಎಂದಳು ಹೆಸ್ಟರ್ ಅವನ ಪಕ್ಕದಲ್ಲಿ ಕೂತು. "ಆ ಕ್ಷಣದಲ್ಲಿ ಯಾರ ಕೈ ಆದ್ರೂ ಹಾಗೇ ಮಾಡಿರೋದು. ಆದ್ರೆ ಆ ಕ್ಷಣಾನ ಅಷ್ಟು ಚಿಕ್ಕದು ಮಾಡಿದ್ದು ನೀನೇ ಮಗಾ. ಗೇಟ್ ಹತ್ತಿರ ನಿಂತು ಹಾರನ್ ಒತ್ತಿ ಹೆಸರು ಕೂಗಿದ್ದಿದ್ರೆ ಅವನಿಗೂ ಹೊತ್ತು ಸಿಕ್ತಿತ್ತು, ನಿನಗೂ ಸಿಕ್ತಿತ್ತು. ಕಳ್ಳನೇ ಆಗಿದ್ರೆ ಓಡಿಹೋಗ್ತಿದ್ದ, ಹೋಗ್ಲಿ ಬಿಡು."

ಹುಡುಗ ತಲೆ ತಗ್ಗಿಸಿ ಅಳುತ್ತಿದ್ದ. ಓರ್ವಿಲ್ ಅವನನ್ನು ನೋಡಿ, ಬೇರೆ ಕಡೆ ತಿರುಗಿ, ಮತ್ತೆ ನೋಡಿದ. "ಅತ್ತಿದ್ದು ಸಾಕು," ಎಂದು ಗದರಿದ. "ಒಳಗೆ ಬಂದು ಕಾಫಿ ಕುಡಿ. ನನ್ನ ಕೋಪ ಇನ್ನೂ ಇಳಿದಿಲ್ಲ, ಅದು ಬೇರೆ ವಿಷಯ."

ಓರ್ವಿಲ್‌ನ ಬಲತೋಳು ಮತ್ತೆಂದೂ ಪೂರ್ತಿ ಮೇಲೇಳಲಿಲ್ಲ. ಕೋಲ್ಬಿಯ ಮೇಲಿನ ಇಲಾಖೆಯ ವಿಚಾರಣೆಯೂ ಬೇಗ ಮುಗಿಯಲಿಲ್ಲ. ಆದರೂ ಚಳಿಗಾಲ ಕಳೆದ ಮೇಲೆ ಒಂದು ಭಾನುವಾರ ಓರ್ವಿಲ್‌ನ ಅಡುಗೆಮನೆಯಲ್ಲಿ ಲೂಥರ್, ಹೆಸ್ಟರ್ ಊಟಕ್ಕೆ ಕೂತಿದ್ದರು. ನೀವಾ ಬಡಿಸುತ್ತಿದ್ದಳು, ಅವಳು ಆ ಮನೆಯವಳೇ ಆಗಿ ತಿಂಗಳಾಗಿತ್ತು. ಬಾಗಿಲಿಗೆ ಪಟ್ಟಿ ಅಂಟಿಸಲು ಓರ್ವಿಲ್ ಒಪ್ಪಿರಲಿಲ್ಲ, ಕೋಳಿಗಳೇ ಅಭ್ಯಾಸ ಮಾಡಿಕೊಳ್ಳಲಿ ಎಂದಿದ್ದ.

ಗೇಟಿನ ಕಡೆಯಿಂದ ಹಾರನ್ ಕೇಳಿಸಿತು. ಒಮ್ಮೆ, ಮತ್ತೊಮ್ಮೆ. "ಓರ್ವಿಲ್ ತಾತಾ! ನಾನು ಕೋಲ್ಬಿ! ಬರ್ತಾ ಇದ್ದೀನಿ!"

"ಕಿವುಡನಿಗೆ ಹೇಳ್ದಂಗೆ ಕೂಗ್ತಾನೆ ನೋಡು," ಎಂದು ಗೊಣಗುತ್ತ ಓರ್ವಿಲ್ ಬರಿಗೈಯಲ್ಲಿ ಹೊರಗೆ ಹೋದ. ಅವನ ಬೆನ್ನ ಹಿಂದೆ ಬಾಗಿಲು ಢಂ ಎಂದು ಬಡಿಯಿತು.

ಲೂಥರ್ ಕಿಟಕಿಯಿಂದ ನೋಡಿದ. ಅಂಗಳದ ನಡುವೆ ಕೋಲ್ಬಿ ಬೆಚ್ಚಿ ನಿಂತಿದ್ದ. ಆದರೆ ಅವನ ಎರಡೂ ಕೈ ಹಿಡಿದಿದ್ದ ಪೈ ತಟ್ಟೆಯನ್ನು ಬಿಟ್ಟಿರಲಿಲ್ಲ.