ಚರಂಡಿ ಆಟಕ್ಕೆ ಒಂಬತ್ತು ಅಂಕ

"ಛೀ! ಏನಿದು?"

ಸತ್ತ ಹಲ್ಲಿಯನ್ನು ಎತ್ತುವ ಹಾಗೆ ಅವಳು ಎರಡೇ ಬೆರಳಲ್ಲಿ ವಿಡಿಯೋ ಗೇಮಿನ ಕಂಟ್ರೋಲರ್ ಎತ್ತಿ ಹಿಡಿದಳು. ಬಲಗಡೆಯ ದೊಡ್ಡ ಬಟನ್ ಮೇಲೆ ಏನೋ ಅಂಟು... ಬೂದು ಬಣ್ಣದ್ದು. ಅದರಲ್ಲಿ ಒಂದು ಬಿಳಿ ಕೂದಲು ಬೇರೆ ಸಿಕ್ಕಿಕೊಂಡಿತ್ತು!

ಅವಳು ಅದನ್ನು ಮೇಜಿನ ಮೇಲೆ ದೂರ ತಳ್ಳಿದಳು.

"ಅದು... ನನ್ನಿಂದಾನೇ ಆಗಿದ್ದು."

ತಿರುಗಿ ನೋಡಿದರೆ ಬಾಗಿಲಲ್ಲಿ ಒಬ್ಬ ನಿಂತಿದ್ದ. ಇಸ್ತ್ರಿ ಕಾಣದ ಅಂಗಿ, ನಿದ್ದೆ ಕಾಣದ ಕಣ್ಣು. ಹಿಂದಿನ ಸಂಜೆ ಅವಳು ಮನೆಗೆ ಹೋದಮೇಲೆ ಕೆಲಸಕ್ಕೆ ಸೇರಿದ ಹೊಸ ವಿಮರ್ಶಕ ಇವನೇ ಇರಬೇಕು.

"ತಿಂದು ಕೈ ತೊಳೆಯೋ ಅಭ್ಯಾಸ ಇಲ್ವಾ ನಿಮಗೆ?"

ಅವನು ಆ ಬಟನ್ ಕಡೆ ಒಮ್ಮೆ ನೋಡಿದ. "ಕ್ಷಮಿಸಿ" ಎಂದಷ್ಟೇ ಅಂದ.

ಅವಳು ಚೀಲದಿಂದ ಸ್ಪಿರಿಟ್ ಬಾಟಲಿ ತೆಗೆದು, ಹತ್ತಿಯಿಂದ ಆ ಬಟನ್ನನ್ನು ಚರ್ಮ ಸುಲಿಯುವಂತೆ ಉಜ್ಜಿದಳು. ಕಚೇರಿಯಲ್ಲಿ ಎಲ್ಲರೂ ಅವಳನ್ನು 'ಸ್ಪಿರಿಟ್ ಮೇಡಂ' ಎಂದು ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ.

ಅದೊಂದು ವಿಡಿಯೋ ಗೇಮ್ ಪತ್ರಿಕೆಯ ಕಚೇರಿ. ಅಂಗಡಿಗೆ ಬರುವ ಮೊದಲೇ ಆಟಗಳು ಅಲ್ಲಿಗೆ ಬರುತ್ತಿದ್ದವು. ಅವನ್ನು ಆಡಿಸಲು ಕಂಪನಿಯವರು ಕೊಟ್ಟ ವಿಶೇಷ ಕನ್ಸೋಲ್ ಇದ್ದದ್ದು ಒಂದೇ ಒಂದು. ಅದರ ಕಂಟ್ರೋಲರ್ ಕೂಡ ಒಂದೇ. ಹಗಲು ಅವಳು ಕಚೇರಿಯಲ್ಲಿ ಆಡಬೇಕು, ಸಂಜೆ ಅವನು ಮನೆಗೆ ಒಯ್ದು ಆಡಬೇಕು. ಹೊರಗಿನವರು ಆಡುವುದಿರಲಿ, ನೋಡಲೂ ಕೂಡದು ಎಂದು ಇಬ್ಬರೂ ಕಾಗದಕ್ಕೆ ಸಹಿ ಹಾಕಿದ್ದರು.

ವಾರದ ಕೊನೆಗೆ ಇಬ್ಬರೂ ಒಬ್ಬರಿಗೊಬ್ಬರು ತೋರಿಸದೆ ಹತ್ತಕ್ಕೆ ಅಂಕ ಬರೆದು, ಚೀಟಿ ಮಡಚಿ ಒಂದು ತಗಡಿನ ಡಬ್ಬಿಗೆ ಹಾಕಬೇಕು. ಸಂಪಾದಕಿ ಎಲ್ಲರ ಮುಂದೆ ಡಬ್ಬಿ ತೆರೆಯುತ್ತಿದ್ದರು. ಎಲ್ಲರೂ ಅವರನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ದೊಡ್ಡಮ್ಮನ ಕಟ್ಟಳೆ ಒಂದೇ: ಆಟ ಮುಗಿಸದೆ ಅಂಕ ಕೊಟ್ಟವರು ಮನೆಗೆ ಹೋಗಬಹುದು.

ಮರುದಿನ ಬೆಳಿಗ್ಗೆ ನೋಡಿದರೆ... ಮತ್ತೆ ಅದೇ ಅಂಟು!

"ರೀ, ನಿಮಗೆ ನಾಚಿಕೆ ಆಗಲ್ವಾ?"

"ಆಗತ್ತೆ. ಆದ್ರೆ ನೀವು ಎಷ್ಟು ಚೆನ್ನಾಗಿ ಒರೆಸ್ತೀರಿ ಅಂದ್ರೆ, ಅದನ್ನ ನೋಡ್ತಾ ನಾಚಿಕೆ ಮರೆತೇ ಹೋಗತ್ತೆ."

ಅವಳಿಗೆ ಸಿಟ್ಟು ಬಂತು. ಜೊತೆಗೆ, ಯಾಕೋ, ತುಟಿಯ ಮೂಲೆಯಲ್ಲಿ ನಗುವೂ ಬಂತು. ಅದನ್ನು ಅವಳು ಹತ್ತಿಯ ಜೊತೆಗೆ ಕಸದ ಬುಟ್ಟಿಗೆ ಹಾಕಿದಳು.

ದಿನಗಳು ಹೀಗೇ ಕಳೆದವು. ಅವಳು ಒರೆಸುವುದು, ಅವನು ಅಂಟಿಸಿಕೊಂಡು ತರುವುದು. ಕನ್ಸೋಲಿನ ಪೆಟ್ಟಿಗೆಯಲ್ಲಿ ಚೀಟಿಗಳು ಓಡಾಡತೊಡಗಿದವು. 'ಕತ್ತಿ ಕಾಳಗದ ಆಟ: ರಾಜಕುಮಾರನ ಮೀಸೆಗೆ ಎಂಟು, ಬುದ್ಧಿಗೆ ಎರಡು' ಎಂದು ಅವನು ಬರೆದರೆ, 'ಕುದುರೆ ರೇಸಿನ ಆಟ: ಕುದುರೆಗೆ ಬರುವ ಸಂಬಳ ನಮಗೂ ಬರಲಿ' ಎಂದು ಅವಳು ಬರೆಯುತ್ತಿದ್ದಳು. ಆಮೇಲೆ ಆಟ ಬಿಟ್ಟು ಎಲ್ಲಕ್ಕೂ ಅಂಕ ಶುರುವಾಯಿತು. ಕಚೇರಿಯ ಚಹಾಕ್ಕೆ ಮೂರು. ಬೆವರು ನಾತದ ಹಳೆಯ ಹೆಡ್‌ಫೋನಿಗೆ ಸೊನ್ನೆ. ಲಿಫ್ಟಿನ ವಾಸನೆಗೆ ಅವನು ಒಂದು ಕೊಟ್ಟಿದ್ದ. 'ಆ ಒಂದು ಯಾಕೆ?' ಎಂದು ಅವಳು ಕೇಳಿದ್ದಕ್ಕೆ ಉತ್ತರ ಬಂತು: 'ಅದರಲ್ಲಿ ಮೂಗು ಮುಚ್ಚಿಕೊಂಡು ನಿಲ್ಲುವಾಗ ನೀವು ಪಕ್ಕದಲ್ಲಿರ್ತೀರಿ.'

ಆ ಚೀಟಿಯನ್ನು ಅವಳು ಕಸದ ಬುಟ್ಟಿಗೆ ಹಾಕಲಿಲ್ಲ.

'ಇಂಥ ಕೊಳಕನ ಮೇಲೆ ನನಗೆ... ಛೆ! ಇರಲಾರದು!' ಎಂದುಕೊಂಡಳು. ಇತ್ತು.

ಆಗ ಬಂತು ಆ ಚರಂಡಿ ಆಟ.

ಆಟಕ್ಕೆ ಏನೋ ದೊಡ್ಡ ಹೆಸರಿತ್ತು. ಕಚೇರಿಯಲ್ಲಿ ಎಲ್ಲರೂ ಚರಂಡಿ ಆಟ ಅಂದರು. ಒಂದು ಪಾಳು ಕಟ್ಟಡ, ಕೈಯಲ್ಲಿ ಒಂದು ನೀರಿನ ಪೈಪು. ಜಿಡ್ಡು ಹಿಡಿದ ಒಲೆ, ಪಾಚಿ ಗೋಡೆ, ಕಟ್ಟಿಕೊಂಡ ಕಕ್ಕಸು, ಸಿಂಕಿನೊಳಗೆ ಕೊಳೆತು ಉಬ್ಬಿದ ಇಲಿ... ಎಲ್ಲವನ್ನೂ ತೊಳೆಯಬೇಕು, ಅಷ್ಟೆ. ತೂತಿನಿಂದ ಕೂದಲಿನ ಉಂಡೆ ಲೊಳಕ್ಕೆಂದು ಹೊರಗೆ ಬರುವ ಸದ್ದು ಎಷ್ಟು ನಿಜವಾಗಿತ್ತೆಂದರೆ, ಅವಳಿಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಮೂರನೇ ದಿನ ನೆಲಮಾಳಿಗೆಯ ಕಸಾಯಿಖಾನೆಯ ತ್ಯಾಜ್ಯದ ತೊಟ್ಟಿ ಬಂತು. ಹುಳುಗಳು ಮಿಜಿಮಿಜಿ ಎನ್ನುತ್ತಿದ್ದವು. ಅವಳು ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡಿದಳು.

ಬಂದವಳೇ ಕನ್ಸೋಲ್ ಆರಿಸಿ ಚೀಟಿ ಬರೆದಳು: ಎರಡು.

ವಾರದ ಕೊನೆ. ದೊಡ್ಡಮ್ಮ ಡಬ್ಬಿ ತೆರೆದು ಚೀಟಿ ಓದಿದರು. "ಎರಡು... ಒಂಬತ್ತು. ಅಲ್ಲಪ್ಪಾ, ಇಬ್ಬರೂ ಒಂದೇ ಆಟ ಆಡಿದ್ದಾ?"

"ಒಂಬತ್ತಾ?!" ಅವಳು ಅವನತ್ತ ತಿರುಗಿದಳು. "ಆ ಹೊಲಸಿಗೆ?"

"ಅದು ಒಳ್ಳೆ ಆಟ ರೀ" ಎಂದ ಅವನು ಮೆಲ್ಲಗೆ. "ಅಲ್ಲಿ ಯಾರೂ ಸೋಲಲ್ಲ."

ಅವಳು ಕಂಟ್ರೋಲರ್ ಎಳೆದುಕೊಂಡು ಕನ್ಸೋಲ್ ಹಚ್ಚಿದಳು. ಪರದೆಯ ಮೇಲೆ ಆಟಗಾರರ ಗುರುತಿನ ಚಿತ್ರಗಳು ಸಾಲಾಗಿ ಬಂದವು. ಅವಳದು ಬೆಕ್ಕು, ಅವನದು ಕೊಡೆ. ಉಳಿದ ಹತ್ತಾರು ಹಿಂದೆ ಕೆಲಸ ಬಿಟ್ಟು ಹೋದವರದು, ಅಳಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ಅವಳು ಕೊಡೆಯನ್ನು ಒತ್ತಿ, ಆಡಿದ ಸಮಯ ತೆರೆದಳು.

ಚರಂಡಿ ಆಟ: ನಲವತ್ತು ನಿಮಿಷ.

ದೊಡ್ಡಮ್ಮ ಪರದೆಯ ಹತ್ತಿರ ಬಗ್ಗಿ ಮತ್ತೊಮ್ಮೆ ಓದಿದರು.

"ನಲವತ್ತು ನಿಮಿಷ ಆಡಿ ಒಂಬತ್ತು..." ಎಂದಳು ಅವಳು. "ಯಾರಾದ್ರೂ ಹೇಳಿದ್ರಾ, ಹೊಗಳಿ ಬರೀರಿ ಅಂತ?"

ಅವನ ಮುಖ ಬಿಳಿಚಿತು. "ಹಾಗಲ್ಲ... ನಾನು ಮುಗಿಸಿದ್ದೀನಿ."

"ಎಲ್ಲಿ ಮುಗಿಸಿದ್ದು? ಕನಸಲ್ಲಾ?"

ಅವನು ಅವಳನ್ನೇ ನೋಡಿದ. ಆಮೇಲೆ ತಲೆ ತಗ್ಗಿಸಿದ.

"ಹೇಳಪ್ಪಾ" ಎಂದರು ದೊಡ್ಡಮ್ಮ.

"ಹೇಳೋಕೆ ಏನೂ ಇಲ್ಲ, ದೊಡ್ಡಮ್ಮ."

ಅವನು ಮೇಜಿನ ಮೇಲಿದ್ದದ್ದನ್ನೆಲ್ಲ ಚೀಲಕ್ಕೆ ತುರುಕಿ, ಕುರ್ಚಿ ಹಿಂದಕ್ಕೆ ತಳ್ಳಿ ಹೊರಟುಹೋದ. ಅದರ ಜೊತೆ ಕಂಟ್ರೋಲರ್ ಕೂಡ ಚೀಲ ಸೇರಿದ್ದು ಆಗ ಯಾರಿಗೂ ಹೊಳೆಯಲಿಲ್ಲ.

'ಕೈ ಕೊಳಕಾದರೆ ತೊಳೆಯಬಹುದು. ಮನಸ್ಸೇ ಕೊಳಕಾದರೆ?' ಅವಳಿಗೆ ಅವನ ಮೇಲೆ ಹೇಸಿಗೆಯಾಯಿತು. ಆ ಲಿಫ್ಟಿನ ಚೀಟಿಯನ್ನು ಇಟ್ಟುಕೊಂಡ ತನ್ನ ಮೇಲೆ ಅದಕ್ಕಿಂತ ಹೆಚ್ಚು ಹೇಸಿಗೆಯಾಯಿತು.

ಆದರೂ, ಎಂಟು ದಿನ ಲಿಫ್ಟಿನಲ್ಲಿ ಒಬ್ಬಳೇ ಮೂಗು ಮುಚ್ಚಿಕೊಂಡು ನಿಂತಾಗ, ಕಣ್ಣು ತುಂಬುತ್ತಿದ್ದದ್ದು ವಾಸನೆಯಿಂದಲ್ಲ.

ಒಂಬತ್ತನೇ ದಿನ ದೊಡ್ಡಮ್ಮ ಕರೆದರು. "ಆ ಆಟ ಇವತ್ತು ಅಂಗಡಿಗೆ ಬಂತು. ಕನ್ಸೋಲ್ ವಾಪಸ್ ಕಳಿಸಬೇಕು. ಕಂಟ್ರೋಲರ್ ಅವನ ಹತ್ರಾನೇ ಇದೆ. ಹೋಗಿ ತಗೊಂಡು, ಎರಡನ್ನೂ ಕೊರಿಯರ್‌ಗೆ ಹಾಕಿಬಿಡು."

"ನಾನೇ ಹೋಗ್ಬೇಕಾ?"

"ಮತ್ತೆ? ದಿನಾ ಅದನ್ನ ತೊಳೆದು ಸಾಕಿದವಳು ನೀನೇ ಅಲ್ವಾ!"

ಕನ್ಸೋಲನ್ನು ಚೀಲದಲ್ಲಿ ಹೊತ್ತು ಅವಳು ಹೊರಟಳು. ಅವನ ಮನೆ ಇದ್ದದ್ದು ಮೂರು ಮಹಡಿಯ ಹಳೆಯ ಕಟ್ಟಡದಲ್ಲಿ. ಮೆಟ್ಟಿಲ ಮೂಲೆಯಲ್ಲಿ ಉಗುಳಿದ ಕಲೆ, ಬೆಕ್ಕಿನ ಉಚ್ಚೆಯ ನಾತ. ಸೆರಗಿನಿಂದ ಮೂಗು ಮುಚ್ಚಿಕೊಂಡು ಹತ್ತಿದಳು. 'ತೆಗೆದುಕೊಳ್ಳೋದು, ಬರೋದು. ಮಾತು ಬೇಡ.'

ಬಾಗಿಲು ತೆರೆದವನು ಅವನೇ. ಅವಳನ್ನು ಕಂಡು ತಬ್ಬಿಬ್ಬಾದ.

"ಕಂಟ್ರೋಲರ್" ಎಂದಳು ಅವಳು.

"ನಾನೇ ತಂದುಕೊಡೋನಿದ್ದೆ... ಅವರು ಬಿಡ್ತಿಲ್ಲ."

"ಯಾರು?"

ಅವನು ಪಕ್ಕಕ್ಕೆ ಸರಿದ.

ಔಷಧಿ, ಮುಲಾಮು, ಒಗೆಯದ ಹೊದಿಕೆ ಎಲ್ಲ ಸೇರಿದ ವಾಸನೆ ಮುಖಕ್ಕೆ ಹೊಡೆಯಿತು. ಟಿವಿಯ ಮುಂದೆ, ದಿಂಬುಗಳ ನಡುವೆ ಒಬ್ಬ ಮುದುಕರು ಕೂತಿದ್ದರು. ಬಾಯಿಯ ಒಂದು ಮೂಲೆ ಜೋತು ಬಿದ್ದು ಅಲ್ಲಿಂದ ಜೊಲ್ಲು ಸುರಿಯುತ್ತಿತ್ತು. ಎಡಗೈ ತೊಡೆಯ ಮೇಲೆ ಸತ್ತಂತೆ ಬಿದ್ದಿತ್ತು. ಮಡಿಲಲ್ಲಿ ಆ ಕಂಟ್ರೋಲರ್.

ಟಿವಿಯಲ್ಲಿ ಏನೂ ಇರಲಿಲ್ಲ. ಕಪ್ಪು ಪರದೆ. ಮುದುಕರು ಅದನ್ನೇ ನೋಡುತ್ತಾ ಬಲ ಹೆಬ್ಬೆರಳಿನಿಂದ ಬಟನ್ ಒತ್ತುತ್ತಿದ್ದರು. ಒತ್ತಿ... ಬಿಟ್ಟು... ಮತ್ತೆ ಒತ್ತಿ.

ಬಟನ್ ಮೇಲೆ ಬೂದು ಬಣ್ಣದ ಅಂಟು.

ಅವಳು ಸೆರಗನ್ನು ಮೂಗಿನಿಂದ ತೆಗೆದಳು.

"ಅಪ್ಪ" ಎಂದ ಅವನು. "ಲಕ್ವ ಹೊಡೆದು ವರ್ಷ ಆಯ್ತು. ಬಲಗೈ ಹೆಬ್ಬೆರಳು ಮಾತ್ರ ಸ್ವಲ್ಪ ಆಡತ್ತೆ. ಬರೀ ಬಟನ್ ಆದ್ರೆ ಜಾರಿ ಹೋಗತ್ತೆ, ಅದಕ್ಕೇ ಆ ಅಂಟಿನ ಪಟ್ಟಿ. ನೀವು ದಿನಾ ಬೆಳಿಗ್ಗೆ ಒರೆಸ್ತಿದ್ರಿ... ನಾನು ದಿನಾ ಸಂಜೆ ಹೊಸದು ಹಚ್ತಿದ್ದೆ."

"ಹೇಳೋದಲ್ವಾ?!"

"ಹೇಗೆ ಹೇಳ್ಲಿ? ಹೊರಗಿನವರು ನೋಡಲೂ ಬಾರದು ಅಂತ ಸಹಿ ಹಾಕಿದ್ವಿ. ಎಲ್ಲರ ಮುಂದೆ ಒಪ್ಪಿಕೊಂಡಿದ್ರೆ ಪತ್ರಿಕೆಗೇ ಆಟ ಕಳಿಸೋದು ನಿಲ್ಲಿಸಿಬಿಡ್ತಿದ್ರು. ನಿಮ್ಮ ಕೆಲಸಾನೂ ಹೋಗ್ತಿತ್ತು. ಇವತ್ತು ಆಟ ಅಂಗಡಿಗೆ ಬಂದಿದೆ, ಅದಕ್ಕೇ ಬಾಯಿ ಬಿಡ್ತಿದ್ದೀನಿ."

ಅವಳು ಚೀಲ ಬಿಚ್ಚಿ, ಕನ್ಸೋಲನ್ನು ಟಿವಿಗೆ ಜೋಡಿಸಿದಳು.

ಪರದೆ ಬೆಳಗಿತು. ಮುದುಕರ ಕಣ್ಣೂ ಬೆಳಗಿತು. ಚಿತ್ರಗಳ ಸಾಲಿನಲ್ಲಿ ಮಗ ಒಂದು ಸವೆದ ಚಪ್ಪಲಿಯ ಚಿತ್ರಕ್ಕೆ ಬಂದು ನಿಂತ. ಕೆಲಸ ಬಿಟ್ಟು ಹೋದ ಯಾರದೋ ಎಂದು ಅವಳು ಎಂದೂ ತೆರೆಯದ ಚಿತ್ರ ಅದು. ಮುದುಕರ ಹೆಬ್ಬೆರಳು ಒತ್ತಿತು.

ಆಡಿದ ಸಮಯ ಸಾಲುಸಾಲಾಗಿ ಬಂತು. ಕತ್ತಿ ಕಾಳಗ, ಆರು ನಿಮಿಷ. ಕುದುರೆ ರೇಸು, ನಾಲ್ಕು. ಫುಟ್‌ಬಾಲು, ಎರಡು. ಎಲ್ಲವೂ ಅವರನ್ನು ಸೋಲಿಸಿ ಆಚೆಗೆ ದಬ್ಬಿದ್ದವು.

ಚರಂಡಿ ಆಟ: ಮೂವತ್ತೊಂದು ಗಂಟೆ. ಮುಗಿದಿದೆ.

"ಪೈಪು ತಿರುಗಿಸೋ ಎಡಗಡೆ ಕಡ್ಡಿ ನನ್ನ ಕೈಲಿ, ನೀರು ಬಿಡೋ ಬಲಗಡೆ ಬಟನ್ ಅಪ್ಪನ ಕೈಲಿ" ಎಂದ ಅವನು. "ಆ ನಲವತ್ತು ನಿಮಿಷ ನಾನೊಬ್ನೇ ಆಡಿದ್ದು. ಉಳಿದಿದ್ದೆಲ್ಲ ಇಬ್ರೂ ಸೇರಿ. ಗಡಿಯಾರ ಇಲ್ಲ, ಶತ್ರು ಇಲ್ಲ. ನಾಳೆ ಬಂದ್ರೂ ಅದೇ ಗೋಡೆ ಕಾಯ್ತಿರತ್ತೆ. ಒಂದು ವರ್ಷ ನಾವು ಅಪ್ಪನ್ನ ತೊಳೀತಿದ್ವಿ... ಇದ್ರಲ್ಲಿ ಮೊದಲ ಸಲ ಅವರೇ ಏನನ್ನೋ ತೊಳೆದ್ರು."

ಅವಳು ಕಣ್ಣೊರೆಸಿಕೊಳ್ಳುತ್ತಾ, ಗಮನಿಸದೆ ಟಿವಿಯ ಮುಂದೆ ಬಂದು ನಿಂತಳು.

"ಆಚೆ... ಸರಿಯಮ್ಮ!" ತೊದಲು ಗದರಿಕೆ ಬಂತು. "ಒದ್ದೆ ನೆಲ... ತುಳೀಬೇಡ!"

ಅವನು ನಕ್ಕುಬಿಟ್ಟ. ಅವಳು ಬೇಗನೆ ಪಕ್ಕಕ್ಕೆ ಸರಿದು, ನಗುತ್ತಲೇ ಅತ್ತುಬಿಟ್ಟಳು. ಎದುರಿಗೆ, ಮತ್ತೆ ಮೊದಲಿನಿಂದ ಶುರುವಾದ ಆಟದಲ್ಲಿ, ಪಾಚಿ ಗೋಡೆಯ ಮೇಲೆ ನೀರು ಹಾಯುತ್ತಿತ್ತು. ಕಪ್ಪು ಹೊಲಸು ಕರಗಿ ಇಳಿದು, ಕೆಳಗಿನಿಂದ ನೀಲಿ ಟೈಲು ಒಂದೊಂದಾಗಿ ಹೊರಬಂತು. ಇದೇ ಗೋಡೆಯನ್ನು ಅವಳೂ ತೊಳೆದಿದ್ದಳು. ಟೈಲು ನೀಲಿ ಎನ್ನುವುದನ್ನು ಗಮನಿಸಿರಲಿಲ್ಲ.

ಅವಳು ಫೋನ್ ತೆಗೆದಳು.

"ದೊಡ್ಡಮ್ಮ, ಅವರು ಆಟ ಮುಗಿಸಿದ್ದಾರೆ. ಅವರ ಅಪ್ಪನ ಹೆಸರಲ್ಲಿ ಆಡಿದ್ರು. ನಾನು ಕಣ್ಣಾರೆ ನೋಡ್ದೆ. ಆಮೇಲೆ... ನನ್ನ ಎರಡು ಅಂಕ ತೆಗೆದುಹಾಕಿ. ಮುಗಿಸದೆ ಕೊಟ್ಟಿದ್ದು ನಾನು. ಹುಳು ನೋಡಿ ಹೇಸಿಕೊಂಡು ಎದ್ದುಬಂದೆ. ಮನೆಗೆ ಹೋಗ್ಬೇಕಾದವಳು ನಾನೇ."

ಆ ಕಡೆ ತಗಡಿನ ಡಬ್ಬಿ ತೆರೆದ ಸದ್ದು ಕೇಳಿತು.

"ನಾಳೆ ಇಬ್ಬರೂ ಹತ್ತು ಗಂಟೆಗೆ ಬನ್ನಿ" ಎಂದರು ದೊಡ್ಡಮ್ಮ. "ಮೊದಲು ಸರಿಯಾಗಿ ಬೈತೀನಿ. ಆಮೇಲೆ ಕೆಲಸ ಮಾಡುವಿರಂತೆ. ಕೊರಿಯರ್ ನಾಳೆ ಹಾಕಿದ್ರೆ ಆಯ್ತು, ಆ ಹಿರಿಯರಿಗೆ ಇವತ್ತು ಆಡೋಕೆ ಬಿಡು."

ಫೋನಿಟ್ಟು ತಿರುಗಿದಾಗ ಅವನು ಅವಳನ್ನೇ ನೋಡುತ್ತಿದ್ದ.

"ಯಾಕೆ ಹೇಳಿದ್ರಿ? ನೀವು ಮುಗಿಸಿಲ್ಲ ಅಂತ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ನನಗೆ ಗೊತ್ತಿತ್ತಲ್ಲ! ಒಂಬತ್ತು ದಿನ ನಿಮ್ಮ ಮೇಲೆ ಹೇಸಿಗೆ ಪಟ್ಕೊಂಡೆ... ಆ ಆಟದಲ್ಲಿ ಎಲ್ಲಕ್ಕಿಂತ ಹೊಲಸಾಗಿದ್ದು ನಾನು ಹಾಕಿದ ಚೀಟಿ."

ಮುದುಕರ ಗಲ್ಲದಿಂದ ಜೊಲ್ಲು ಇಳಿದು ಅಂಗಿಗೆ ತಾಗಿತು. ಅವಳಿಗೆ ಹೊಟ್ಟೆ ತೊಳಸಿತು, ಸುಳ್ಳು ಹೇಳುವುದೇಕೆ? ಆದರೂ ತನ್ನ ಕರವಸ್ತ್ರ ತೆಗೆದು ಒರೆಸಿದಳು. ಎರಡನೇ ಸಲ ಒರೆಸುವಾಗ ತೊಳಸುವುದು ಕಡಿಮೆಯಾಗಿತ್ತು.

"ನಾನು... ಆ ತೊಟ್ಟಿ ಮುಗಿಸಬೇಕು" ಎಂದಳು. "ಹೇಳಿಕೊಡ್ತೀರಾ?"

"ಹುಳು ಇರತ್ತೆ."

"ಇರ್ಲಿ. ನೀವು ಪಕ್ಕದಲ್ಲಿರ್ತೀರಲ್ಲ."

ಅವನು ಕಂಟ್ರೋಲರನ್ನು ಅಪ್ಪನ ಮಡಿಲಿನಿಂದ ಮೆಲ್ಲಗೆ ಎತ್ತಿ, ಅವಳ ಬೆಕ್ಕಿನ ಚಿತ್ರ ತೆರೆದು, ಅವಳ ಕೈಗಿಟ್ಟ. ಹೆಬ್ಬೆರಳು ಬಟನ್ನಿಗೆ ಅಂಟಿಕೊಂಡಿತು. ಸ್ಪಿರಿಟ್ ಬಾಟಲಿ ಚೀಲದಲ್ಲೇ ಉಳಿಯಿತು. ಎಡಗಡೆಯ ಕಡ್ಡಿಯ ಮೇಲೆ ಅವನ ಕೈ ಬಂದು ಕೂತಿತು.

"ಒಂದು ಮಾತು ಕೇಳ್ಲಾ?" ಎಂದ ಅವನು ಪರದೆಯತ್ತಲೇ ನೋಡುತ್ತಾ. "ನನಗೆ ಎಷ್ಟು ಅಂಕ ಕೊಡ್ತೀಯ?"

'ರೀ' ಹೋಗಿ 'ನೀನು' ಬಂದದ್ದು ಅವಳ ಕಿವಿಗೆ ಬಿತ್ತು. ಕೆನ್ನೆ ಬಿಸಿಯಾಯಿತು.

"ಮುಗಿಸದೆ ಅಂಕ ಕೊಡಬಾರದು ಅಂತ ಈಗ ತಾನೆ ಬುದ್ಧಿ ಬಂದಿದೆ."

"ಹಾಗಾದ್ರೆ ಎಷ್ಟು ದಿನ ಬೇಕು?"

"ಗಡಿಯಾರ ಇಲ್ಲ ಅಂತ ನೀನೇ ಹೇಳಿದ್ಯಲ್ಲ..."

"ಮಾತು... ಆಮೇಲೆ!" ಎಂದರು ಮುದುಕರು. "ಮೊದ್ಲು... ಮೂಲೆ ತೊಳೀರಿ!"