ಮಲಗಲು ಬಿಡದ ಯಂತ್ರ

ಪೊಳಲಿಯ ಸೇತುವೆಯ ಬದಿಯ ಕಟ್ಟೆಯಲ್ಲಿ ಹಫ್ಸ ಲ್ಯಾಪ್‌ಟಾಪನ್ನು ಮಡಿಲಲ್ಲಿಟ್ಟು ಕುಳಿತಿದ್ದಳು. ಅಝೀಮ್ ಕೊಡೆ ಹಿಡಿದು ನಿಂತಿದ್ದ. ಕೊಡೆ ಪೂರ್ತಿ ಅವಳ ಕಡೆಗೇ ವಾಲಿತ್ತು. ಅವನ ಬಲಭುಜದಿಂದ ನೀರಿಳಿಯುತ್ತಿತ್ತು.

"ನೀವು ಒದ್ದೆಯಾಗ್ತಾ ಇದ್ದೀರಿ."

"ಲ್ಯಾಪ್‌ಟಾಪ್ ಕಂಪನಿಯದ್ದು ಮಾರಾಯ್ತಿ. ಕೊಡೆ ಹಿಡಿದದ್ದು ಅದಕ್ಕೆ, ನಿನಗಲ್ಲ."

ಹೇಳಿ, ಅವಳು ತಲೆಯೆತ್ತುವವರೆಗೆ ಕಾದು ನಕ್ಕ. ಮೂಡುಬಿದಿರೆಯ ಅವರ ಪುಟ್ಟ ಆಫೀಸಿನಲ್ಲಿ ಆ ನಗುವನ್ನು ಅವಳು ಎಷ್ಟೋ ಸಲ ಕದ್ದು ನೋಡಿದ್ದಳು. ಅದರ ಹಿಂದೆ ಒಂದು ಮಾತು ಉಂಟೆಂದು ನಂಬಿ, ಅದು ಹೊರಗೆ ಬರಲಿ ಎಂದು ಕಾದಿದ್ದಳು.

ಇವತ್ತು ಅವಳಿಗೆ ನಗು ಬರಲಿಲ್ಲ. ನದಿಯ ನೀರು ಏರಿದರೆ ಊರಿಗೆ ಫೋನ್ ಮಾಡಬೇಕಾದ ಯಂತ್ರ ಕಳೆದ ವಾರದ ಮಳೆಯಲ್ಲಿ ಸುಮ್ಮನೆ ಸತ್ತು ಬಿದ್ದಿತ್ತು. ನದಿದಡದ ಡೊಂಬಯ್ಯನವರ ಹಟ್ಟಿಗೆ ನೀರು ನುಗ್ಗಿ, ಕಟ್ಟಿದ ಕರು ಹಗ್ಗದಲ್ಲೇ ಸತ್ತುಹೋಯಿತು. "ಡ್ರೈವರಿನ ತಪ್ಪಾದರೆ, ಬರೆದವರು ಇನ್ನು ಆಫೀಸಿಗೆ ಬರುವುದು ಬೇಡ," ಎಂದಿದ್ದರು ಮಾಲೀಕರಾದ ಲೋಕನಾಥ ಸರ್. ಡ್ರೈವರ್, ಅಂದರೆ ಯಂತ್ರದೊಳಗಿನ ಸೆನ್ಸರನ್ನು ನಡೆಸುವ ಪ್ರೋಗ್ರಾಮ್, ಬರೆದವಳು ಹಫ್ಸ.

ಸೆನ್ಸರನ್ನು ಕೆಲಸವಿಲ್ಲದಾಗ ಮಲಗಿಸಿ, ಅಳತೆ ಬೇಕಾದಾಗ ಎಬ್ಬಿಸುವುದು ಆ ಡ್ರೈವರಿನ ಕೆಲಸ. ಬ್ಯಾಟರಿ ಬಾಳುವುದೇ ಅದರಿಂದ. ಅಳತೆ ತೆಗೆದು ಮುಗಿದ ಮೇಲೂ ಅದು ಕೂಡಲೇ ಮಲಗಿಸುವುದಿಲ್ಲ. ಮತ್ತೆ ಯಾರಾದರೂ ಕರೆದಾರು ಎಂದು ಸ್ವಲ್ಪ ಕಾಯುತ್ತದೆ. "ನಿನ್ನ ಹಾಗೇ," ಎಂದಿದ್ದ ಅಝೀಮ್, ಅದನ್ನು ಮೊದಲ ಸಲ ಓದಿದಾಗ. ಆ ಸಂಜೆ ಮನೆಗೆ ಹೋಗುವಾಗ ಅದೇ ಮಾತಿನ ಗುಂಗಿನಲ್ಲಿ, ಬಸ್ಸು ಸಿದ್ಧಕಟ್ಟೆ ದಾಟಿದ್ದೂ ಅವಳಿಗೆ ತಿಳಿದಿರಲಿಲ್ಲ.

ದಾರಿಯುದ್ದಕ್ಕೂ ತನ್ನ ಸಾಲುಗಳನ್ನು ಮನಸ್ಸಿನಲ್ಲೇ ತಿದ್ದುತ್ತ ಬಂದಿದ್ದಳು. ಎಲ್ಲೋ ಎಬ್ಬಿಸಿ ಮಲಗಿಸಲು ಮರೆತೆನೇ? ಈಗ ಸೇತುವೆಗೆ ಕಟ್ಟಿದ ಯಂತ್ರಕ್ಕೆ ಹೊಸ ಬ್ಯಾಟರಿ ಹಾಕಿ, ಕೇಬಲ್ ಸಿಕ್ಕಿಸಿ ನೋಡಿದಳು. ‘ಆಟೋ’ ಎಂದಿರಬೇಕಾದ ಕಡೆ ‘ಆನ್’ ಎಂದಿತ್ತು. ಯಂತ್ರ ಶುರುವಾದಾಗಲೆಲ್ಲ ಸೆನ್ಸರಿಗೆ ಮಲಗಲೇಬೇಡ ಎಂದು ಹೇಳುವ ಒಂದು ಸಾಲನ್ನು ಸ್ಟಾರ್ಟ್‌ಅಪ್ ಫೈಲಿಗೆ ಯಾರೋ ಸೇರಿಸಿದ್ದರು. ಹಗಲೂ ರಾತ್ರಿ ಎದ್ದೇ ಇದ್ದು ಅದು ಬ್ಯಾಟರಿಯನ್ನು ಬರಿದು ಮಾಡಿತ್ತು.

"ಇದು ನಾನು ಹಾಕಿದ್ದಲ್ಲ."

ಅಝೀಮ್ ನದಿಯ ಕಡೆ ನೋಡಿದ.

"ಡೆಮೋ ದಿನ ನಾನೇ ಹಾಕಿದ್ದು. ಏಳ್ಲಿಕ್ಕೆ ತಡ ಮಾಡ್ತಿತ್ತಲ್ಲ, ಬಂದವರ ಮುಂದೆ ಮರ್ಯಾದೆ ಹೋಗ್ತಿತ್ತು. ಆಮೇಲೆ ತೆಗೀಲಿಕ್ಕೆ ಮರೆತೆ."

"ಗೊತ್ತಿದ್ದೂ ಮೀಟಿಂಗಿನಲ್ಲಿ ಸುಮ್ಮನೆ ಕೂತದ್ದಾ? ಸರ್ ನನಗೆ ಬೈಯುವಾಗ?"

ಅವನು ಅವಳ ಪಕ್ಕದಲ್ಲಿ ಕುಳಿತ. ದನಿ ಇಳಿಸಿದ.

"ಹಫ್ಸ, ಶುಕ್ರವಾರ ಉಮ್ಮನನ್ನು ನಿಮ್ಮ ಮನೆಗೆ ಕಳಿಸ್ತೇನೆ. ಹೆಣ್ಣು ಕೇಳ್ಲಿಕ್ಕೆ."

ಅವಳ ಬೆರಳು ಕೀಲಿಗಳ ಮೇಲೆ ನಿಂತಿತು. ಕಿವಿ ಬಿಸಿಯಾಯಿತು. ಮೈಯೆಲ್ಲ ಆ ಮಾತಿನ ಕಡೆಗೆ ತಿರುಗಿತು.

"ಆ ಸಾಲು ಅಳಿಸಿಬಿಡು," ಎಂದ ಅವನು, ಅದೇ ಮೆಲುದನಿಯಲ್ಲಿ. "ಡ್ರೈವರಿನದ್ದೇ ತಪ್ಪು ಅಂತ ಹೇಳುವ. ಮದುವೆಯಾದ ಮೇಲೆ ನೀನು ಕೆಲಸಕ್ಕೆ ಹೋಗ್ಲೇಬೇಕು ಅಂತ ಏನುಂಟು? ಒಂದೇ ಮನೆಯವರಾಗ್ತೇವೆ. ಹೆಸರು ಯಾರದ್ದು ಹೋದರೆ ಏನು?"

ಹಫ್ಸ ಲ್ಯಾಪ್‌ಟಾಪನ್ನು ಮುಚ್ಚಿದಳು.

"ಯಂತ್ರ ಹಾಳಾಗದಿದ್ದರೆ ಈ ಮಾತು ಯಾವಾಗ ಹೇಳ್ತಿದ್ರಿ?"

"ಹೇಳ್ತಿದ್ದೆ."

"ಯಾವಾಗ?"

ಅವನು ಕೊಡೆಯನ್ನು ಇನ್ನೊಂದು ಕೈಗೆ ಬದಲಾಯಿಸಿದ. ಅಷ್ಟರಲ್ಲಿ ಅವಳ ಫೋನ್ ರಿಂಗಾಯಿತು, ಲೋಕನಾಥ ಸರ್. ಅವಳು ಸ್ಪೀಕರಿಗೆ ಹಾಕಿ ಅವನ ಕಡೆ ಚಾಚಿದಳು. ನೀವೇ ಹೇಳಿ ಎಂದು ಕಣ್ಣಲ್ಲೇ ಬೇಡಿದಳು.

"ನೋಡ್ತಾ ಇದ್ದೇವೆ ಸರ್," ಎಂದ ಅಝೀಮ್. "ಡ್ರೈವರಿನಲ್ಲೇ ಏನೋ ಉಂಟು. ಪಾಪ, ಅವಳಿಗೆ ಗೊತ್ತಾಗ್ಲಿಲ್ಲ."

ಆ ‘ಪಾಪ’ ಅವಳ ಎದೆಗೆ ನಾಟಿತು. ಫೋನನ್ನು ತನ್ನ ಬಾಯಿಯ ಹತ್ತಿರ ತಂದುಕೊಂಡಳು.

"ಸರ್, ಡ್ರೈವರ್ ಸರಿ ಉಂಟು. ಸೆನ್ಸರ್ ಮಲಗದ ಹಾಗೆ ಮಾಡಿದ್ದು ಅಝೀಮ್. ಡೆಮೋ ದಿನ. ನಾನು ಏನೂ ಮುಟ್ಟುವುದಿಲ್ಲ, ನೀವೇ ಬಂದು ನೋಡಿ."

ಹೇಳಿ ಮುಗಿಸಿ ಫೋನ್ ಇಟ್ಟಳು.

ಅವನು ಎದ್ದು ನಿಂತಿದ್ದ. ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಅವಳನ್ನು ಗುರುತಿಸಲಾಗದ ಗಲಿಬಿಲಿ.

"ಅಷ್ಟು ಸುಲಭವಾ ನಿನಗೆ?"

ಹಫ್ಸ ಚೀಲ ಹೆಗಲಿಗೇರಿಸಿದಳು. ಬಿ.ಸಿ. ರೋಡಿನ ಬಸ್ಸು ಸೇತುವೆ ಹತ್ತುತ್ತಿತ್ತು. ಕೈ ಅಡ್ಡ ಹಿಡಿದು ಅದನ್ನು ನಿಲ್ಲಿಸಿದಳು.

"ಶುಕ್ರವಾರ ಉಮ್ಮನನ್ನು ಕಳಿಸಬೇಡಿ ಅಝೀಮ್," ಎಂದಳು, ಮೆಟ್ಟಿಲಿಗೆ ಕಾಲಿಡುತ್ತ. "ಕಳಿಸಿದರೆ, ನಾನು ಹೂಂ ಅಂದುಬಿಡ್ತೇನೆ."