ನಡುವೆ ಬಿಟ್ಟುಹೋದ ಪಟ್ಟಿ

"ಮೇಡಂ, ಗ್ವಾಡಿ ಮ್ಯಾಲೆ ಕೆಂಪು ಬೆಳಕು ಕಾಣಾಕತ್ತೈತಿ. ನಿಮ್ಮ ಲೆಕ್ಕದಾಗ ಬಂದ ಬೆಳಕು ಕಣ್ಣಿಗೇ ಕಾಣೂದಿಲ್ಲಲ್ರಿ!"

ಹಿಂದಿನ ಬೆಂಚಿನಿಂದ ಬಂದ ಮಾತಿಗೆ ಇಡೀ ತರಗತಿ ನಕ್ಕಿತು. ಪಾಠ ಮಾಡುತ್ತಿದ್ದ ಶ್ರದ್ಧಾ ಬೋರ್ಡಿನ ಮೇಲಿನ ತನ್ನ ಉತ್ತರ ನೋಡಿದಳು: ಸಾವಿರದ ಮುನ್ನೂರು ನ್ಯಾನೋಮೀಟರ್.

ರೋಣದ ಆ ಕಾಲೇಜಿನಲ್ಲಿ ಭೌತಶಾಸ್ತ್ರಕ್ಕೆ ಇದ್ದದ್ದು ಒಂದೇ ಹುದ್ದೆ. ಪ್ರಾಚಾರ್ಯರ ಎದುರು ಒಬ್ಬರು ಪಾಠ ಮಾಡಿ ತೋರಿಸುವಾಗ ಉಳಿದ ಅಭ್ಯರ್ಥಿಗಳೇ ವಿದ್ಯಾರ್ಥಿಗಳಾಗಿ ಕೂರಬೇಕು. ಪ್ರಶ್ನೆ ಕೇಳಿದವನು ನರಗುಂದದ ಜಯಂತ. ಅದೇ ಹುದ್ದೆಗೆ ಬಂದವನು!

'ನನ್ನನ್ನು ಕೆಡವಲಿಕ್ಕೇ ಕೇಳಿದ್ದಾನೆ...' ಅವಳ ಕಣ್ಣು ತುಂಬಿತು. ಈ ಕೆಲಸ ಸಿಗದಿದ್ದರೆ ಕಾಕಾ ನೋಡಿದ ಗಂಡಿಗೆ ಒಪ್ಪುತ್ತೇನೆಂದು ಗಜೇಂದ್ರಗಡದ ಮನೆಯಲ್ಲಿ ಮಾತು ಕೊಟ್ಟು ಬಂದಿದ್ದಳು.

ಆದರೂ ಗೋಡೆಯತ್ತ ತಿರುಗಿದಳು. ದೀಪದ ಮಸಿ ಹಿಡಿಸಿದ ಗಾಜಿನ ಮೇಲೆ ಜೋಡಿ ಬ್ಲೇಡಿನಿಂದ ಅವಳೇ ಗೀರಿದ್ದ ಎರಡು ಸೀಳು. ಅವುಗಳಿಂದ ಹಾದುಬಂದ ಲೇಸರ್ ಬೆಳಕು ಕೆಂಪು ಪಟ್ಟಿಗಳಾಗಿ ನಿಂತಿತ್ತು. ಅಕ್ಕಪಕ್ಕದ ಪಟ್ಟಿಗಳ ಅಂತರವನ್ನು ಸೀಳುಗಳ ಅಂತರದಿಂದ ಗುಣಿಸಿ, ಗೋಡೆಯ ದೂರದಿಂದ ಭಾಗಿಸಿದರೆ ತರಂಗಾಂತರ. ಸೂತ್ರ ಸರಿಯಿದೆ. ಮತ್ತೆ...?

ಅಯ್ಯೋ! ಎಡದ ಪಟ್ಟಿಯಿಂದ ಬಲದ ಪಟ್ಟಿಗೆ ಅಳೆದುಬಿಟ್ಟಿದ್ದಳು. ಎಲ್ಲಕ್ಕಿಂತ ಹೊಳೆಯುವ ನಡುವಿನ ಪಟ್ಟಿಯನ್ನೇ ಮರೆತಿದ್ದಳು. ಉತ್ತರ ಎರಡು ಪಟ್ಟಾಗಿತ್ತು!

"ತಪ್ಪು ನಂದ ಐತಿ. ಹ್ಯಾಂಗ ತಪ್ಪಿದೆ ಅನ್ನೂದನ್ನ ತೋರಸ್ತೀನಿ, ನೋಡ್ರಿ." ಅಳಿಸಿ ಮತ್ತೆ ಲೆಕ್ಕ ಹಾಕಿದಳು. ಆರುನೂರ ಐವತ್ತು ನ್ಯಾನೋಮೀಟರ್. ಅಪ್ಪಟ ಕೆಂಪು!

ಹೊರಗೆ ಜಯಂತ "ಭಾಳ ಚಲೋ ಹೇಳಿದ್ರಿ" ಎಂದರೆ ಮುಖ ತಿರುಗಿಸಿ ಬಸ್ಸು ಹತ್ತಿದಳು.

ಕೆಲಸ ಅವಳಿಗೇ ಸಿಕ್ಕಿತು. ಆದೇಶ ಕೊಡುವಾಗ ಪ್ರಾಚಾರ್ಯ ವೇದವ್ಯಾಸರು ನಕ್ಕರು.

"ಉತ್ತರ ತಪ್ಪಿದ್ದು ನೋಡಿ ನಿಮ್ಮನ್ನ ಕೈಬಿಡೂದರಾಗ ಇದ್ದೆ. ಅಷ್ಟರಾಗ ಆ ಹುಡುಗ ಕೇಳಿದ. ನೀವು ತಿದ್ದಿಕೊಂಡ ರೀತಿ ಮನಸ್ಸಿಗೆ ಬಂತು. ಅಂವ ಸುಮ್ನ ಕುಂತಿದ್ರ ನೌಕರಿ ಅವಂದ ಇತ್ತು."

ಶ್ರದ್ಧಾ ಆದೇಶದ ಹಾಳೆಯಿಂದ ತಲೆ ಎತ್ತಿದಳು. 'ಅಂಥವನಿಗೆ ಮುಖ ತಿರುಗಿಸಿ ಬಂದೆನಲ್ಲ!'

ಪ್ರಾಚಾರ್ಯರಿಂದ ವಿಳಾಸ ಪಡೆದು, ಅಂದು ಸಂಜೆಯೇ ನರಗುಂದದಲ್ಲಿ ಅವನು ನಡೆಸುತ್ತಿದ್ದ ಟ್ಯೂಷನ್ ಕ್ಲಾಸಿನ ಬಾಗಿಲಲ್ಲಿ ನಿಂತಿದ್ದಳು.

"ಸಿಟ್ಟು ಇಳೀತೇನ್ರಿ?" ಜಯಂತ ನಕ್ಕ.

"ಯಾಕ ಕೇಳಿದ್ರಿ? ಸುಮ್ನ ಇದ್ದಿದ್ರ..."

"ಆ ಸೀಳು ಎಷ್ಟು ನಾಜೂಕ ಗೀರಿದ್ರಿ! ಅಂಥಾಕಿ ಒಂದ ತಪ್ಪಿಗೆ ಅಳಕೋತ ಮನಿಗೆ ಹೋಗೂದು ನೋಡಾಕ ಆಗಲಿಲ್ರಿ."

ಕೃತಜ್ಞತೆ ಇಷ್ಟು ಸಿಹಿಯಾಗಿರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ನಿಮ್ಮ ಉಪಕಾರ ಮರಿಯೂದಿಲ್ರಿ... ಮುಂದ ನಿಮ್ಮ ಪಾಠ ಎಲ್ಲಿದ್ರೂ ಹಿಂದಿನ ಬೆಂಚಿನ್ಯಾಗ ನಾ ಇರ್ತೀನಿ."

"ತಪ್ಪು ಹುಡಕಾಕೇನು?"

"ಹೂಂ... ಜೀವನ ಪೂರ್ತಿ. ನಿಮಗ ಒಪ್ಪಿಗಿ ಇದ್ರ."

ಜಯಂತನ ಕಣ್ಣು ಒದ್ದೆಯಾಯಿತು.

"ಹಂಗಾದ್ರ ತಪ್ಪು ಭಾಳ ಮಾಡ್ತೀನಿ, ಶ್ರದ್ಧಾ!"